ಏಳನೇ ಸ್ಲೈಡಿನ ಪಕ್ಕದಲ್ಲಿ

ನಾನು ಬರೆದದ್ದು ಒಂದೇ ಪದ: ಆಧಾರ?
ಇಪ್ಪತ್ತೆರಡು ವರ್ಷ ಪರರ ಪುಟಗಳ ಅಂಚಿನಲ್ಲೇ ಬದುಕಿ
ನನ್ನ ಕನ್ನಡ ಇಷ್ಟಕ್ಕೆ ಬಂದು ನಿಂತಿದೆ:
ಆಧಾರ? ವಿವರಿಸಿ. ಕಾಗುಣಿತ ನೋಡಿ.

ಮಲಿಕಾಳ ಪ್ರಬಂಧ. ಮಂಡಕ್ಕಿ ಭಟ್ಟಿಯವರ ಶ್ವಾಸಕೋಶ.
ಒಟ್ಟು ಹತ್ತೊಂಬತ್ತು ಸ್ಲೈಡು, ಏಳರಲ್ಲಿ ಹೀಗಿತ್ತು:
'ಉಸುಕು ಹದವಾಗಿ ಕಾದದ್ದು ಕೆಲಸಗಾರರಿಗೆ
ಶಬ್ದದಿಂದ ತಿಳಿಯುತ್ತದೆ.'
ಯಾರು ಹೇಳಿದರು? ಯಾವ ಪುಸ್ತಕ, ಎಷ್ಟನೇ ಪುಟ?
ಕೇಳಿ, ಲ್ಯಾಪ್‌ಟಾಪ್ ಮುಚ್ಚಿ,
ವಿದ್ಯಾನಗರದ ನನ್ನ ಮನೆಯಲ್ಲಿ ತಣ್ಣಗೆ ಮಲಗಿದೆ.

ಬೆಳಿಗ್ಗೆ ನನ್ನ ಪ್ರಶ್ನೆಯ ಕೆಳಗೆ ಅಕ್ಷರವಿರಲಿಲ್ಲ.
ಒಂದು ಪುಟ್ಟ ಮೈಕಿನ ಗುರುತು,
ಹಲ್ಲು ಮುರಿದ ಬಾಚಣಿಗೆಯಂಥ ಗೆರೆಸಾಲು,
ಒಂದು ನಿಮಿಷ ಹನ್ನೊಂದು ಸೆಕೆಂಡು.
ಕಳಿಸಿದ ಹೊತ್ತು ನಸುಕಿನ ಮೂರೂ ನಲವತ್ತು.

ಒತ್ತಿದೆ.

ಮೊದಲು ಬೆಂಕಿ. ಆಮೇಲೆ ಯಾರೋ ಸಲಿಕೆ ಎಳೆದದ್ದು.
ಆಮೇಲೆ ಮಲಿಕಾ, ದೂರದಿಂದ:
'ಮಾತಾಡು ಮಾಮು, ಕೆಂಪಗಾತು ನೋಡು.'
'ಹಾಂ? ಇದರಾಗೇನಾ?
ನಮಸ್ಕಾರ್ರೀ ಮೇಡಮ್ಮಾರೆ, ನಾನು ದಸ್ತಗೀರ.
ನೀವೇನೋ ಕೇಳೀರಂತೆ. ನನಗೆ ಬರೆಯಾಕೆ ಬರಲ್ಲ,
ಅದಕ್ಕೇ ಬಾಯಾಗೇ ಹೇಳ್ತೀನಿ.
ಕಾಯದ ಉಸುಕು ಕೈಯಾಡಿಸಿದ್ರೆ ಗರಗರ ಅಂತದೆ.
ಕಾದ ಮೇಲೆ ನೀರಿನಂಗೆ, ಸುಮ್ಮನಾಗ್ತದೆ.
ಸುಮ್ಮನಾತು ಅಂದ ಕೂಡ್ಲೆ ಅಕ್ಕಿ ಬೀಳಬೇಕು,
ತಡ ಆದ್ರೆ ಕರಕು.
ಈ ಹೊಗೆಯಾಗೆ ಕಣ್ಣಿಗೆ ಏನ್ ಕಾಣ್ತದೆ ಬಿಡ್ರಿ.
ತಡೀರಿ, ನೀವೇ ಕೇಳ್ರಿ.'

ಫೋನು ಬಾಣಲೆಯ ಹತ್ತಿರ ಹೋಯಿತು.
ಗರಗರ. ಗರಗರ. ಗರ
ನಿಂತಿತು.
ಎಷ್ಟು ಹೊತ್ತೋ. ಎರಡು ಉಸಿರಿನಷ್ಟು ಇರಬಹುದು,
ನಾನು ಒಂದನ್ನೂ ಬಿಟ್ಟಿರಲಿಲ್ಲ,
ಕಾಫಿಯ ಲೋಟ ಕೈಯಲ್ಲೇ ಕೆನೆಗಟ್ಟಿತ್ತು.
ಆಮೇಲೆ ಅಕ್ಕಿ ಬಿತ್ತು, ಒಮ್ಮೆಗೇ ಸಾವಿರ ಬಾಯಿ ಬಿಟ್ಟಿತು.
ಅದರ ಬೆನ್ನಿಗೇ ಕೆಮ್ಮು.
ಕೆಮ್ಮು ಮುಗಿಯುವ ಮೊದಲೇ
ಒಂದು ನಿಮಿಷ ಹನ್ನೊಂದು ಸೆಕೆಂಡು ಮುಗಿದಿತ್ತು.

'ಪರಿಹಾರವಾಯಿತು' ಎಂಬ ಟಿಕ್ಕಿನವರೆಗೂ
ನನ್ನ ಬೆರಳು ಹೋಗಿ ವಾಪಸು ಬಂತು.
ನಾನೂ ದನಿಯಲ್ಲೇ ಉತ್ತರಿಸೋಣವೆಂದು ಕೆಂಪು ಚುಕ್ಕಿ ಒತ್ತಿದರೆ
ಮಾತಾಡಿದ್ದು ಎಂಟನೇ ನಂಬರು ಕೊಠಡಿಯ ಮೇಡಮ್ಮು. ಅಳಿಸಿದೆ.
ಇನ್ನೊಮ್ಮೆ: ಫ್ಯಾನು, ಪಕ್ಕದ ಮನೆಯ ಮಿಕ್ಸಿ,
ಗೇಟಿನಾಚೆ ಹಳೇ ಪೇಪರಿನವನ ಕೂಗು,
ನನ್ನ ಗಂಟಲು ಎರಡು ಸಲ ಸರಿಮಾಡಿಕೊಂಡದ್ದು. ಅಳಿಸಿದೆ.
ಮೂರನೆಯದರಲ್ಲಿ ಇಷ್ಟೇ:
'ಕೇಳಿಸಿತು, ದಸ್ತಗೀರ್ ಸಾಬ್ರೆ.'
ನಾಲ್ಕು ಸೆಕೆಂಡು. ಇರಲಿ ಎಂದು ಬಿಟ್ಟೆ.

ಮೌಖಿಕ ಪರೀಕ್ಷೆಯ ದಿನ
ವಿಭಾಗದ ಸ್ಪೀಕರು ಎಂದಿನಂತೆ ಸತ್ತಿತ್ತು.
ಮಲಿಕಾ ಫೋನನ್ನೇ ಎತ್ತಿ ಹಿಡಿದಳು,
ಆಡಿನ ಮರಿ ಎತ್ತಿದ ಹಾಗೆ, ಎರಡೂ ಕೈಯಲ್ಲಿ.
ಹೊರಗಿನಿಂದ ಬಂದ ಪರೀಕ್ಷಕರು ಕತ್ತು ಚಾಚಿ ಕೇಳಿದರು.
'ಚೆನ್ನಾಗಿದೆಯಮ್ಮ. ಕೊನೆಯ ಆ ಕೆಮ್ಮೊಂದನ್ನು
ಕತ್ತರಿಸಿಬಿಡಬಹುದಿತ್ತು.'
ಅವಳು ನನ್ನ ಕಡೆ ನೋಡಲಿಲ್ಲ.
'ಪ್ರಬಂಧ ಇರೋದೇ ಅದರ ಮೇಲೆ ಸಾರ್,' ಎಂದಳು,
ಎಂಟನೇ ಸ್ಲೈಡಿಗೆ ಹೋದಳು.

ಸಂಜೆ ಜಯದೇವ ಸರ್ಕಲ್ಲಿನ ಬಳಿ ಗಾಡಿ ಮುಂದೆ ನಿಂತು
ಒಂದು ಖಾರ ಮಂಡಕ್ಕಿ, ಎರಡು ಮಿರ್ಚಿ.
ಬಸ್ಸು, ಆಟೋ, ಎಣ್ಣೆಯ ಸದ್ದು.
ಎಷ್ಟು ಜರಡಿ ಹಿಡಿದರೂ ಉಳಿದ ಉಸುಕಿನ ಒಂದು ಹರಳು
ದವಡೆ ಹಲ್ಲಿಗೆ ಸಿಕ್ಕಿತು.
ಉಗುಳಲು ಬಾಗಿದವಳು ಹಾಗೇ ನಿಂತೆ.
ಕಡಿದೆ.
ಕಿವಿಗೆ ಒಳಗಡೆಯಿಂದ ಕೇಳಿತು.