ನೇರಳೆ ದೀಪ

ಕಾರ್ಚಿ, ಈಕ್ವೆಡಾರ್

ಆ ದಿನ ಪಂಪಿನಲ್ಲಿ ವಿಷ ಇರಲಿಲ್ಲ.
ಬರೀ ನೀರು, ನೀರಿಗೊಂದು ಚಮಚ ಬಿಳಿ ಪುಡಿ.
ತರಬೇತಿಗೆ ಬಂದ ಇಬಾರ್ರಾದ ಹುಡುಗಿ ಹೇಳಿದ್ದಿಷ್ಟೆ:
‘ಅನ್ಸೆಲ್ಮೊ, ದಿನಾ ಹೊಡೆಯುವ ಹಾಗೇ ಹೊಡಿ.
ದಿನಾ ಬರುವ ಹಾಗೇ ಮನೆಗೆ ಬಾ.
ರಾತ್ರಿ ಎಂಟಕ್ಕೆ ದೀಪ ತರುತ್ತೇನೆ.’

ನನ್ನ ಗಂಡ ಹೇಳಿದ್ದು ಕೇಳುವ ಜಾತಿಯಲ್ಲ,
ಅವತ್ತು ಮಾತ್ರ ಕೇಳಿದ.
ಮಂಜು ಕರಗುವ ಮೊದಲೇ ಆಲೂಗೆಡ್ಡೆ ಸಾಲಿಗಿಳಿದ.
ಮುಚ್ಚಳದ ವಾಷರು ಸವೆದು ಎರಡು ವರ್ಷ.
ನಳಿಕೆ ಕಟ್ಟಿತು, ಬಾಯಲ್ಲಿಟ್ಟು ಊದಿದ, ಎಂದಿನಂತೆ.
ಕಾಲುವೆಯಲ್ಲಿ ಕೈ ಅದ್ದಿ, ಪ್ಯಾಂಟಿಗೊರೆಸಿ
ಬೇಯಿಸಿದ ಜೋಳ ತಿಂದ.
ಸಂಜೆ ಬಂದ. ಟೋಪಿ ಮೊಳೆಗೆ, ಅಂಗಿ ಮೂಲೆಗೆ,
ಮಗು ಹೆಗಲಿಗೆ.
ಅಂಗಿಯನ್ನು ನಾನು ಒಗೆದೆ.

ಎಂಟಕ್ಕೆ ಅರ್ಧ ಊರೇ ನಮ್ಮ ಅಡುಗೆಮನೆಯಲ್ಲಿತ್ತು.
ಒಲೆ ಪಕ್ಕದ ಗಿನಿ ಇಲಿಗಳು ಕುಯ್‌ಗುಟ್ಟಿ ಮೂಲೆ ಸೇರಿದವು.
ಬಲ್ಬು ಆರಿಸಿದರು. ಹುಡುಗಿ ಗುಂಡಿ ಒತ್ತಿದಳು.

ಕಾಡುಹಣ್ಣು ತಿಂದ ನಾಲಗೆಯ ಬಣ್ಣದ ಬೆಳಕು.
ಅದರೊಳಗೆ ಅನ್ಸೆಲ್ಮೊ ಹೊತ್ತಿಕೊಂಡ.
ಬೆನ್ನಿನಿಂದ ಸೊಂಟ ದಾಟಿ ತೊಡೆಗೆ ಹಸಿರು ಹೊಳೆ,
ತುಟಿ ಮೇಲೆ ಉಂಗುರ, ನಳಿಕೆಯಷ್ಟೇ ಅಗಲ.
‘ಮಿಣುಕುಹುಳ!’ ಅಂದ ಎವಾರಿಸ್ತೊ. ಎಲ್ಲ ನಕ್ಕರು.
ಟೋಪಿಯ ಮೊಳೆ, ಬಾಗಿಲ ಚಿಲಕ, ಉಪ್ಪಿನ ಡಬ್ಬಿ,
ಮತ್ತೆ ನನ್ನ ಸೊಂಟದ ಮೇಲೆ ಐದು ಬೆರಳು,
ಸ್ಪಷ್ಟವಾಗಿ, ಹೆಬ್ಬೆರಳ ಹಳೇ ಗಾಯವೂ ಸೇರಿ.
ನಗು ಮಾಡು ಹಾರಿಸಿತು.
ನಾನೂ ನಕ್ಕೆ, ಶಾಲಿನಲ್ಲಿ ಮುಖ ಮುಚ್ಚಿ.

ಶಾಲು ಸರಿದಾಗ ದೀಪ ನನ್ನ ಕೈಗೆ ಬಂತು.
ಮೊಣಕೈತನಕ ಬಳೆ ತೊಟ್ಟ ಹಾಗಿತ್ತು.
ನಾನು ಹೊಲಕ್ಕೆ ಹೋಗಿರಲೇ ಇಲ್ಲ.
ಆಮೇಲೆ ಮಡಿಲಿಗೆ.
ನೀವೆಸ್ ನಿದ್ದೆಯಲ್ಲಿ ಬೆರಳು ಚೀಪುತ್ತಿದ್ದಳು.
ಮೆಲ್ಲಗೆ ಬಿಡಿಸಿದೆ.
ಬೆರಳೂ ಹೊಳೆಯಿತು, ತುಟಿಯೂ.

ಯಾರೂ ಏನೂ ಅನ್ನಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ಅಂತಾರೆ.
ನಮಗೆ ಬೇಕಾಯಿತಲ್ಲ.
ಹನ್ನೊಂದು ವರ್ಷದ ತಲೆನೋವಿಗೆ ಬೆಟ್ಟದ ಗಾಳಿ ಅಂದೆವು,
ಅವನ ಕೈನಡುಕಕ್ಕೆ ಸಾರಾಯಿ ಅಂದೆವು.
ಹುಡುಗಿ ಭಾಷಣ ಮಾಡಲಿಲ್ಲ.
ಚೀಲದಿಂದ ಕೈಗವಸು ತೆಗೆದಳು, ಹೊಸ ವಾಷರು ತೆಗೆದಳು.
ಓದು ಬಾರದ ಎವಾರಿಸ್ತೊಗೆ
ಬಾಟಲಿಯ ಕೆಂಪು ಪಟ್ಟಿ, ಅದರ ಮೇಲಿನ ಬುರುಡೆ ತೋರಿಸಿ
‘ಇದನ್ನು ಕೊಳ್ಳಲೇಬೇಡ’ ಅಂದಳು.
ಬೇರೆಲ್ಲ ಮರುದಿನಕ್ಕೆ ಅಂತ ದೀಪ ಆರಿಸಿದಳು.

ಈಗ ನೀಲಗಿರಿ ಮರಕ್ಕೊಂದು ಮೊಳೆ ಇದೆ,
ಮನೆಯಿಂದ ಮೂವತ್ತು ಹೆಜ್ಜೆ.
ಔಷಧಿ ಹೊಡೆದ ದಿನ ಅನ್ಸೆಲ್ಮೊ ಅಲ್ಲೇ ಎಲ್ಲ ಬಿಚ್ಚಿ,
ಆ ಚಳಿಯಲ್ಲಿ, ಚಡ್ಡಿಯಲ್ಲಿ ನಡುಗುತ್ತ
‘ನೀರು ತಾರೇ ಹೆರ್ಮೆಲಿಂದಾ, ಸತ್ತೆ!’ ಅಂತ ಕೂಗುತ್ತಾನೆ.
ಸಾಯಲ್ಲ ಬಿಡು, ಅಂತ ಬಿಸಿನೀರು ಒಯ್ಯುತ್ತೇನೆ.
ನಾಯಿ ಗುರುತು ಸಿಗದೆ ಬೊಗಳುತ್ತದೆ.
ಬಾಗಿಲಲ್ಲಿ ಮಗು ಎರಡೂ ಕೈ ಚಾಚಿದರೆ
‘ತಡಿ’ ಅನ್ನುತ್ತಾನೆ.
ಆ ಮಾತು ಅವನ ಬಾಯಲ್ಲಿ ಇನ್ನೂ
ಹೊಸ ವಾಷರಿನ ಹಾಗೆ, ಸ್ವಲ್ಪ ಬಿಗಿ.