ಟೇಪು ಎಡವುವ ಜಾಗ

ಅಬರ್ಡೇರಿನ ದಾನದಂಗಡಿಯಲ್ಲಿ,
ಸತ್ತವರ ಕೋಟುಗಳ ಕೆಳಗೆ ಸಿಕ್ಕಿತು
ರಬ್ಬರು ಗುಂಡಿಯ ಪುಟ್ಟ ಕಂಪ್ಯೂಟರು,
ಅದಕ್ಕೆ ಜೋತುಬಿದ್ದ ಟೇಪ್ ರೆಕಾರ್ಡರು.
‘ಓಡತ್ತೋ ಇಲ್ವೋ ಗೊತ್ತಿಲ್ಲ’
ಚೀಟಿಯ ಮೇಲೆ ನೆರಿಸಳ ಅಕ್ಷರ.
ಮೂರು ಪೌಂಡು. ಚೌಕಾಸಿ ಮಾಡಲಿಲ್ಲ.

ಬಸ್ ಡಿಪೋದ ರಾತ್ರಿಪಾಳಿ ಮುಗಿಸಿ ಬಂದು ಬಿಚ್ಚಿದೆ.
ಒಳಗೆ ಬೆಲ್ಟು ಕರಗಿ ಕಾಡಿಗೆಯಾಗಿತ್ತು.
ಹತ್ತಿಗೆ, ಬೆರಳಿಗೆ, ಕೊನೆಗೆ ಚಹಾದ ಲೋಟಕ್ಕೂ ಮೆತ್ತಿತು.
ಉಬ್ಬಿದ್ದ ಎರಡು ಕೆಪಾಸಿಟರು ಕಿತ್ತು
ಬೇರೆ ಬೆಸೆದೆ.

ರೆಕಾರ್ಡರಿನಲ್ಲೇ ಉಳಿದಿದ್ದ ಕ್ಯಾಸೆಟ್ಟು ತಿರುಗಿತು.
ಕರ್ಕಶ ಚೀರಾಟ; ಟೀವಿಯ ಅಂಚಿಗೆ
ನೀಲಿ ಹಳದಿ ಪಟ್ಟೆಗಳ ಓಡಾಟ,
ಆಮೇಲೆ ಒಂದೇ ಸಾಲು: ಟೇಪಿನಲ್ಲಿ ದೋಷ.
ಹಿಂದೆ ಸುತ್ತಿದೆ. ಅಲ್ಲೇ ದೋಷ.
ಹೆಡ್ಡು ಒರೆಸಿದೆ, ಸ್ಕ್ರೂ ಕೂದಲೆಳೆಯಷ್ಟು ತಿರುವಿದೆ.
ಅಲ್ಲೇ.

ಸಾಕಾಗಿ ವೈರು ಕಿತ್ತು ಬರೀ ಕಿವಿಗೊಟ್ಟೆ.
ಯಾವನೋ ಹುಡುಗ, ಗೆಳೆಯನ ಆಟವನ್ನು
ರೆಕಾರ್ಡರುಗಳನ್ನು ಎದುರುಬದುರು ಕೂರಿಸಿ
ಮೈಕಿನಿಂದ ಕದಿಯುತ್ತಿದ್ದಾನೆ.
ಚೀರಾಟದ ನಡುವೆ ಬಾಗಿಲು ಕಿರ್ರೆಂದಿತು.
‘ಗೆಥಿನ್, ತಣ್ಣಗಾಗ್ತಿದೆ, ಬಾರೋ’
ಹೆಂಗಸಿನ ದನಿ.
‘ಶ್...!’ ಅಂದ ಅವನು.
ಆಟ ಅಲ್ಲಿಗೆ ಕೆಟ್ಟಿತ್ತು.

ಶನಿವಾರ ನೆರಿಸಳನ್ನು ಕೇಳಿದೆ, ತಂದವರು ಯಾರು?
ಕಪ್ಪು ಚೀಲ, ಬೆಳಗಾಗುವ ಮೊದಲೇ
ಬಾಗಿಲಲ್ಲಿಟ್ಟು ಹೋಗಿದ್ರು, ಅಂದಳು,
ಬೇರೊಬ್ಬರ ಚಪ್ಪಲಿಗೆ ಬೆಲೆ ಅಂಟಿಸುತ್ತ.

ಯಂತ್ರ ಈಗ ಸರಿಯಿದೆ. ಮಾರಿದರೆ ಅರವತ್ತಾದರೂ ಬರುತ್ತದೆ.
ಈ ಟೇಪಿನ ಆಟ ಮಾತ್ರ ಅವನಿಗೂ
ಒಂದು ದಿನವೂ ಓಡಿರಲಾರದು.
ಆದರೂ ಕ್ಯಾಸೆಟ್ಟಿನ ಬೆನ್ನು ನೋಡಿ:
ಯಾರೂ ಇದರ ಮೇಲೆ ಬೇರೇನೂ ತುಂಬಬಾರದೆಂದು
ಎರಡೂ ಹಲ್ಲು ಮುರಿದಿದ್ದಾನೆ.