ಎರಡಕ್ಕೂ ಮೂರಕ್ಕೂ ನಡುವೆ

ಮೂವತ್ತೆಂಟು ಸಾವಿರ ಎಣಿಸಿ ಕೊಟ್ಟು ತಂದ ಯೆಜ್ಡಿ,
ನನಗಿಂತ ಎರಡು ವರ್ಷ ದೊಡ್ಡದು.
ಕಿಕ್ಕೂ ಗೇರೂ ಒಂದೇ ಕೋಲು ಇದಕ್ಕೆ:
ಒಳಗೊತ್ತಿ ಎತ್ತಿದರೆ ಒದೆಯಲು,
ಮಡಚಿ ಬಿಟ್ಟರೆ ಗೇರು.
ಬೈದ ಬಾಯಲ್ಲೇ ಎಲೆಯಡಿಕೆ ಬೇಕಾ ಎಂದು ಕೇಳುವ
ನಮ್ಮ ತೋಟದ ಮೇಸ್ತ್ರಿಯ ಹಾಗೆ.

ಎರಡು ಸೈಲೆನ್ಸರು. ಎಡಗಡೆಯದು ಕೆಮ್ಮುತ್ತದೆ,
ಬಲಗಡೆಯದು ಹೌದು ಹೌದು ಅನ್ನುತ್ತದೆ.

ಬೆಳಿಗ್ಗೆ ಆರೂವರೆಗೆ ಲೈನ್‌ಮನೆಯ ಮುಂದೆ ಹಾಜರಿ ಕೂಗಬೇಕು ನಾನು.
ಹತ್ತು ಒದೆಗೆ ಎದ್ದರೆ ಪುಣ್ಯ.
ಹನ್ನೊಂದನೆಯದು ತಿರುಗಿ ನನ್ನ ಮೀನಖಂಡಕ್ಕೇ ಬೀಳುತ್ತದೆ.
ಎದ್ದರೂ ಅರ್ಧ ಆಕ್ಸಿಲರೇಟರಿಗೆ ತೊದಲು,
ಪೂರ್ತಿ ಕೊಟ್ಟರೆ ಮೌನ.
ಎರಡರಿಂದ ಮೂರಕ್ಕೆ ಹಾಕಿದರಂತೂ
ಯಾವ ಲೆಕ್ಕಕ್ಕೂ ಸೇರದ ಜಾಗದಲ್ಲಿ ಹೋಗಿ ನಿಲ್ಲುತ್ತದೆ:
ಇಂಜಿನ್ನು ಕಿರುಚುತ್ತಿರುತ್ತದೆ,
ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ.

ಸಿದ್ದಾಪುರದಲ್ಲಿ, ಕರಿಮೆಣಸಿನ ಅಂಗಡಿಯ ಹಿಂದೆ, ಸೈದಾಲಿ.
"ಮೊದಲು ಅಗ್ಗದ್ದು ನೋಡುವ ರೈಟರಕ್ಕ,
ದುಬಾರಿದು ಎಲ್ಲಿಗೂ ಓಡಿಹೋಗುವುದಿಲ್ಲ."
ಪ್ಲಗ್ಗು ಬಿಚ್ಚಿದ. ಕಪ್ಪು, ಒದ್ದೆ.
ಬೀಡಿಕಟ್ಟಿನ ಕಾಗದ ಮಡಚಿ ಪಾಯಿಂಟಿನ ಸಂದಿಗೆ ತೂರಿಸಿ
ಇಷ್ಟು ಸಾಕು ಎಂದ.
ಜೆಟ್ಟಿಗೆ ಬಾಯಿಟ್ಟು ಊದಿದ,
ಅಂಗೈ ಮೇಲೆ ಚಿಟಿಕೆ ತುಕ್ಕು ಬಿತ್ತು.
ತೊದಲು ಅರ್ಧ ನಿಂತಿತು.

ಮುಂದಿನ ಭಾನುವಾರ ಕ್ಲಚ್ ಕೇಬಲ್ ಬಿಗಿದ, ಸಡಿಲಿಸಿದ,
ಮತ್ತೆ ಬಿಗಿದ.
"ಇದು ಕ್ಲಚ್ಚಿನ ಪಾಪ ಅಲ್ಲ."

ಮೂರನೇ ಭಾನುವಾರ ಹೊಟ್ಟೆಯನ್ನೇ ತೆರೆದ.
ಪಿಸ್ಟನ್ನಿನ ಮೈಮೇಲೆ ಬೆಕ್ಕು ಪರಚಿದಂತೆ ಗೆರೆ.
ಗೇರಿನ ಹಲ್ಲುಗಳ ಮೂಲೆಗಳು ಸವೆದು
ಹೊಳೆಯ ಕಲ್ಲಿನಷ್ಟು ನುಣುಪು.
"ಯಾರ ಕೈಯಿಂದ ತಗೊಂಡದ್ದು?"
ಬೆಳ್ಯಪ್ಪ. ಅರಣ್ಯ ಇಲಾಖೆಯ ವಾಚರ್, ಈಗ ರಿಟೈರ್ಡು.
"ಜಿಪುಣ! ಇಳಿಜಾರಲ್ಲೆಲ್ಲ ಇಂಜಿನ್ ಆರಿಸಿ ಬಿಟ್ಟಿದ್ದಾನೆ.
ಟೂ ಸ್ಟ್ರೋಕಿಗೆ ಎಣ್ಣೆ ಬರುವುದೇ ಪೆಟ್ರೋಲಿನ ಜೊತೆ.
ಇದನ್ನು ಉಳಿಸಿದ, ಅದನ್ನೂ ಉಳಿಸಿದ.
ಈಗ ನೀವು ಕೊಡಿ."

ಸವೆದ ಗೇರನ್ನು ಪೇಪರಿನಲ್ಲಿ ಸುತ್ತಿಕೊಂಡು
ಮಾಲ್ದಾರೆಗೆ ಹೋದೆ, ಬಸ್ಸಲ್ಲಿ.
ಐದು ಸಾವಿರವಾದರೂ ವಾಪಸ್ ಕೇಳಬೇಕು.
ಮಾತೆಲ್ಲ ದಾರಿಯಲ್ಲೇ ಜೋಡಿಸಿಟ್ಟಿದ್ದೆ.

ಬೆಳ್ಯಪ್ಪ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು,
ಬಿದ್ದ ಹಲ್ಲನ್ನು ನೋಡುವವರಂತೆ.
"ಪೆಟ್ರೋಲಿಗಲ್ಲ ಮಾರಾಯ್ತಿ.
ಆ ತಿರುವಿನಲ್ಲಿ ರಾತ್ರಿ ಯೆಜ್ಡಿ ಸದ್ದಿಗೆ
ಆನೆ ಇರುವುದು ಹೇಗೆ ಗೊತ್ತಾಗಬೇಕು?
ಎರಡರಲ್ಲಿದ್ದಾಗಲೇ ಕೀ ತಿರುಗಿಸುವುದು,
ಕಾಲ್ಬೆರಳಲ್ಲಿ ಅರ್ಧ ನೂಕುವುದು, ಅಷ್ಟೇ.
ಗಾಡಿ ತೇಲುತ್ತದೆ.
ಬಿದಿರು ಮುರಿದರೆ ಕೇಳುತ್ತದೆ, ಕಿವಿ ಬೀಸಿದರೂ.
ಒಮ್ಮೊಮ್ಮೆ ಅದೂ ಇರುವುದಿಲ್ಲ,
ಜೀರುಂಡೆ ತಟ್ಟನೆ ನಿಲ್ಲುತ್ತದೆ.
ಆಗ ಬ್ರೇಕು."
ಇಪ್ಪತ್ತೆರಡು ವರ್ಷ, ವಾರಕ್ಕೆ ಆರು ರಾತ್ರಿ.
ಗುಣಿಸಿ ನೋಡುವಷ್ಟರಲ್ಲಿ ಕಾಫಿ ಬಂತು.

ದುಡ್ಡು ಕೊಡಲಿಲ್ಲ.
ಒಂದು ಸೀಸೆ ಕಾಚಂಪುಳಿ ಕೊಟ್ಟರು.
"ಹಂದಿಗೆ ಹಾಕು. ಮಿಕ್ಕಿದ್ದನ್ನು ಟ್ಯಾಂಕಿಗೆ ಹುಯ್ದು ಕುಲುಕು,
ತುಕ್ಕು ಬಿಡುತ್ತದೆ."

ಬೋರಿಂಗು, ಹೊಸ ಪಿಸ್ಟನ್,
ಮೈಸೂರಿನ ಗುಜರಿಯಿಂದ ಇನ್ನೊಂದು ಗೇರು.
ಸೈದಾಲಿಯ ಬಿಲ್ಲನ್ನು ಇಲ್ಲಿ ಬರೆಯುವುದಿಲ್ಲ.
ಈಗ ಮೂರಕ್ಕೆ ಹಾಕಿದರೆ ಟಕ್,
ಪೆಟ್ಟಿಗೆಯ ಬೀಗದ ಹಾಗೆ.
ಹಳೆಯ ಗೇರು ಹಾಜರಿ ಪುಸ್ತಕದ ಮೇಲೆ ಕೂತಿದೆ,
ಗಾಳಿಗೆ ಹಾಳೆ ಹಾರದಿರಲಿ ಎಂದು.

ಬೋನಸ್ ಬಟವಾಡೆ ಮುಗಿದ ದಿನ ತಡವಾಯಿತು.
ಆ ತಿರುವು ಬಂದಾಗ ಕತ್ತಲೆ,
ಎಲ್ಲೋ ಹಲಸು ಒಡೆದ ವಾಸನೆ.
ಕಾಲ್ಬೆರಳು ತಾನಾಗಿ ಅರ್ಧ ನೂಕಿತು.
ಅಲ್ಲಿ ಈಗ ಜಾಗವಿಲ್ಲ.
ಟಕ್ ಎಂದು ಮೂರು.

ಬದಿಗೆ ನಿಲ್ಲಿಸಿ ಕೀ ತಿರುಗಿಸಿದೆ.
ಕಾದ ಸೈಲೆನ್ಸರು ಟಿಣ್ ಟಿಣ್ ಎಂದು ಆರುತ್ತಿತ್ತು,
ಅದೂ ನಿಂತಿತು.
ಜೀರುಂಡೆಗಳು ಕೂಗುತ್ತಲೇ ಇದ್ದವು.
ಇನ್ನೂ ಸ್ವಲ್ಪ ಹೊತ್ತು ನಿಂತೆ.

ಒದ್ದೆ.
ಎರಡನೆಯದಕ್ಕೆ ಎದ್ದಿತು.